ಬಾಲಕನ ಕಡತಕ್ಕೂ ಒಂದು ಕೊನೆಯುಂಟು

ಗಡಿನಾಡ ಕನ್ನಡಿಗರ ಕಷ್ಟಗಳನ್ನು ಎಣಿಸುವಾಗ ನಾವು ಶಾಲೆ, ಪಠ್ಯಪುಸ್ತಕ, ನೌಕರಿ, ಪಡಿತರ ಚೀಟಿ ಎಂದು ಹೇಳುತ್ತ ಹೋಗುತ್ತೇವೆ. ಪೋಲೀಸು ಠಾಣೆಯ ಕಡತದ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಎತ್ತಲು ನಾಚಿಕೆ. ಮನೆಯ ಮಗನೊಬ್ಬ ಹದಿನೈದು ಹದಿನಾರರ ಪ್ರಾಯದಲ್ಲಿ ಏನೋ ಮಾಡಿ ಠಾಣೆಯ ಮೆಟ್ಟಲು ಹತ್ತಿದ್ದರೆ ಆ ಮಾತು ನಾಲ್ಕು ಗೋಡೆಗಳೊಳಗೆ ಉಳಿಯುತ್ತದೆ. ಆದರೆ ಕಡತ ಉಳಿಯುವುದು ಸರಕಾರದ ಕಪಾಟಿನಲ್ಲಿ. ಐದಾರು ವರ್ಷಗಳ ಮೇಲೆ ಅದೇ ಹುಡುಗ ನೌಕರಿಗೆ ಅರ್ಜಿ ಹಾಕಿದಾಗ ಅದು ಎದ್ದು ಬಂದೀತೆಂಬ ಹೆದರಿಕೆ ತಂದೆತಾಯಿಗಳನ್ನು ಒಳಗೊಳಗೇ ಕೊರೆಯುತ್ತದೆ. ಹಾಗೆ ಏಳಬಾರದೆಂದು ಕಾನೂನೇ ಕಟ್ಟು ಮಾಡಿದೆ ಎಂಬುದು ಬಹು ಮಂದಿಗೆ ತಿಳಿಯದು. ಅದನ್ನೇ ಇಲ್ಲಿ ಬಿಡಿಸಿ ಹೇಳಬಯಸುತ್ತೇವೆ.

ಇದಕ್ಕಾಗಿ ನಾವು ಆಯ್ದುಕೊಂಡುದು ಕಾಸರಗೋಡನ್ನಲ್ಲ, ನಮ್ಮಂತೆಯೇ ಗಡಿಯಾಚೆ ಉಳಿದುಹೋದ ಇನ್ನೊಂದು ಕನ್ನಡ ನೆಲವನ್ನು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದಂಚಿನಲ್ಲಿ ಜತ್ತ ತಾಲೂಕು ಇದೆ. ಹಿಂದೆ ಅದು ಡಫಳೆ ಮನೆತನದ ಸಣ್ಣ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಮಳೆ ಕಡಿಮೆ, ಬರಗಾಲ ಹೆಚ್ಚು. ಉಮದಿ, ಸಂಖ, ಬಿಳೂರು ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ; ಗುಡ್ಡಾಪುರದ ದಾನಮ್ಮನ ಗುಡಿಗೆ ಕರ್ನಾಟಕದಿಂದ ಭಕ್ತರು ಬರುತ್ತಾರೆ; ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಉಂಟು. ಆದರೆ ಠಾಣೆಯ ಕಾಗದ ಮರಾಠಿ, ಕೋರ್ಟಿನ ಕಾಗದ ಮರಾಠಿ. ಜಿಲ್ಲಾ ಕೇಂದ್ರವಾದ ಸಾಂಗ್ಲಿ ಎಂಬತ್ತು ಕಿಲೋಮೀಟರಿಗೂ ದೂರ. ಗಡಿಯಾಚೆಯ ವಿಜಯಪುರವೇ ಅದಕ್ಕಿಂತ ಹತ್ತಿರ.

ಈ ತಾಲೂಕಿನ ಹಳ್ಳಿಯೊಂದರ ಹುಡುಗ ಪಂಪುಸೆಟ್ಟಿನ ತಾಮ್ರದ ತಂತಿ ಕದ್ದನೆಂಬ ಆರೋಪದಲ್ಲಿ ಸಿಕ್ಕಿಬಿದ್ದನೆಂದು ಊಹಿಸಿಕೊಳ್ಳೋಣ. ತಂದೆಗೆ ಕನ್ನಡ ಓದು ಅಷ್ಟಿಷ್ಟು, ಮರಾಠಿ ಆಡಲು ಬಂದರೂ ಓದಲು ಬಾರದು. ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ, ಮಗನನ್ನು ಬಿಡಿಸಿಕೊಂಡು ಬರುತ್ತಾನೆ. ಮೊಕದ್ದಮೆ ಏನಾಯಿತು, ಕೊನೆಯ ಆದೇಶದಲ್ಲಿ ಏನು ಬರೆದಿದೆ ಎಂಬುದು ಅವನಿಗೆ ತಿಳಿಯದು. ಮುಂದೆ ಮಗ ಪೋಲೀಸು ಭರತಿಗೋ ಸೈನ್ಯಕ್ಕೋ ಹೋಗಬೇಕೆಂದಾಗ 'ಚಾರಿತ್ರ್ಯ ಪಡತಾಳಣಿ' ಎಂಬ ಮಾತು ಕಿವಿಗೆ ಬೀಳುತ್ತದೆ. ಎದೆ ಧಸಕ್ಕೆನ್ನುತ್ತದೆ. ಬಹಳ ಮನೆಗಳಲ್ಲಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಕಾನೂನು ಕೊಡದ ಶಿಕ್ಷೆಯನ್ನು ಅಜ್ಞಾನ ಕೊಡುತ್ತದೆ.

ಕಾನೂನು ಏನೆನ್ನುತ್ತದೆ?

ಮಕ್ಕಳನ್ನು ದೊಡ್ಡವರಿಂದ ಬೇರೆಯಾಗಿ ನೋಡಬೇಕೆಂಬ ವಿಚಾರ ನಮ್ಮಲ್ಲಿ ಹೊಸತಲ್ಲ. ದೇಶದ ಮೊದಲ ಮಕ್ಕಳ ಕಾಯಿದೆ 1920ರಲ್ಲಿ ಮದರಾಸಿನಲ್ಲಿ ಬಂತು. ಆಗ ಕಾಸರಗೋಡು ಆ ಪ್ರಾಂತದಲ್ಲಿಯೇ ಇತ್ತು. ಮುಂಬಯಿಯಲ್ಲಿ 1924ರಲ್ಲಿ ಬಂತು. ದೇಶಕ್ಕೆಲ್ಲ ಅನ್ವಯಿಸುವ ಬಾಲನ್ಯಾಯ ಕಾಯಿದೆ 1986ರಲ್ಲಿ ಆಯಿತು, 2000ದಲ್ಲಿ ಬದಲಾಯಿತು. ಈಗ ನಡೆಯುತ್ತಿರುವುದು 2015ರ ಕಾಯಿದೆ. ಅದು ಜಾರಿಗೆ ಬಂದುದು 2016ರ ಜನವರಿ 15ರಂದು.

ಈ ಕಾಯಿದೆಯಂತೆ ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿಡುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಕೇಂದ್ರದ 2016ರ ಮಾದರಿ ನಿಯಮಗಳಂತೆ, ಆರೋಪ ಘೋರ ಅಪರಾಧದ್ದಲ್ಲವಾದರೆ ಮತ್ತು ದೊಡ್ಡವರ ಜೊತೆಗೂಡಿ ಮಾಡಿದ್ದಲ್ಲವಾದರೆ, ಎಫ್.ಐ.ಆರ್. ದಾಖಲಿಸುವಂತೆಯೂ ಇಲ್ಲ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡರಾಯಿತು.

ಕಡತದ ಮಾತಿಗೆ ಬರೋಣ. ಮೂರನೆಯ ಕಲಮು ಬಾಲಕನಿಗೆ ಹೊಸ ಆರಂಭದ ಹಕ್ಕನ್ನು ಕೊಡುತ್ತದೆ. ವಿಶೇಷ ಸಂದರ್ಭಗಳನ್ನುಳಿದು ಹಳೆಯ ದಾಖಲೆಗಳನ್ನು ಅಳಿಸಬೇಕೆನ್ನುತ್ತದೆ. ಇಪ್ಪತ್ತನಾಲ್ಕನೆಯ ಕಲಮಿನಂತೆ, ತಪ್ಪು ಸಾಬೀತಾದರೂ ಅದರ ಕಾರಣದಿಂದ ಮುಂದೆ ಯಾವ ಅನರ್ಹತೆಯೂ ತಟ್ಟಬಾರದು. ಮೇಲ್ಮನವಿಯ ಅವಧಿ ಅಥವಾ ನಿಯಮ ಹೇಳಿದ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶಪಡಿಸುವಂತೆ ಮಂಡಳಿಯೇ ಆದೇಶ ಮಾಡಬೇಕು. ಮಾದರಿ ನಿಯಮಗಳಲ್ಲಿ ಹದಿನಾಲ್ಕನೆಯದು ಏಳು ವರ್ಷಗಳ ಮಿತಿ ಹಾಕಿ, ಅದಕ್ಕೂ ಮೀರಿ ಇಡಕೂಡದೆನ್ನುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಕಡತಕ್ಕೆ ಮೊಹರು ಹಾಕಿ ಬಚ್ಚಿಡುವ ಪದ್ಧತಿ ಇದೆ. ನಮ್ಮ ಕಾನೂನು ಅದನ್ನೂ ದಾಟಿ, ಕಡತವೇ ಇರಬಾರದೆನ್ನುತ್ತದೆ.

ಅಲ್ಲಿಯ ತನಕ ಅದನ್ನು ಯಾರು ನೋಡಬಹುದು? ಬಾಲಕನ ಬಗೆಗಿನ ವರದಿಗಳು ಗೋಪ್ಯವೆಂದು ತೊಂಬತ್ತೊಂಬತ್ತನೆಯ ಕಲಮು ಸಾರುತ್ತದೆ. ಮಂಡಳಿ ಉಚಿತವೆಂದು ಕಂಡರೆ ಅದರ ಸಾರಾಂಶವನ್ನು ಬಾಲಕನಿಗೂ ಪೋಷಕರಿಗೂ ತಿಳಿಸಬಹುದು. ಅನ್ಯಾಯಕ್ಕೊಳಗಾದವರಿಗೆ ಮಾತ್ರ ತಮ್ಮ ಪ್ರಕರಣದ ಕಾಗದಪತ್ರಗಳನ್ನು ನಿರಾಕರಿಸುವಂತಿಲ್ಲ. ಅವರ ನೋವನ್ನು ಮರೆತು ಬಾಲಕನೊಬ್ಬನನ್ನೇ ಕಾಯುವ ಕಾನೂನು ಇದಲ್ಲ. ಇನ್ನು ಎಪ್ಪತ್ತನಾಲ್ಕನೆಯ ಕಲಮು ನೇರವಾಗಿ ಪೋಲೀಸರಿಗೆ ಹೇಳುತ್ತದೆ: ಮುಗಿದುಹೋದ ಪ್ರಕರಣದ ದಾಖಲೆಯನ್ನು ಚಾರಿತ್ರ್ಯ ಪ್ರಮಾಣಪತ್ರಕ್ಕಾಗಲಿ ಬೇರೆ ಕಾರಣಕ್ಕಾಗಲಿ ಹೊರಗೆಡಹಬಾರದು.

2019ರ ನವೆಂಬರದಲ್ಲಿ ಸುಪ್ರೀಂ ಕೋರ್ಟು ಈ ಮಾತಿಗೆ ಬಲ ಕೊಟ್ಟಿತು. ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಆಯ್ಕೆಯಾದ ಯುವಕನೊಬ್ಬನ ಮೇಲಿನ ಆರೋಪ ಅವನು ಅಪ್ರಾಪ್ತನಾಗಿದ್ದಾಗಿನದು. ಬಾಲಕನಿಗೆ ಶಿಕ್ಷೆಯೇ ಆಗಿದ್ದರೂ ಆ ಕಲೆಯನ್ನು ಅಳಿಸಿಹಾಕುವುದೇ ಈ ಶಾಸನದ ಆಶಯವೆಂದು ನ್ಯಾಯಾಲಯ ಹೇಳಿ, ಯುವಕನ ಪರವಾಗಿ ತೀರ್ಪಿತ್ತಿತು.

ಒಂದು ಅಪವಾದವನ್ನು ಮರೆಮಾಚಬಾರದು. ಹದಿನಾರು ತುಂಬಿದವನು ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯ ಅವನನ್ನು ದೊಡ್ಡವನಂತೆ ವಿಚಾರಿಸಿ ತಪ್ಪಿತಸ್ಥನೆಂದರೆ, ಈ ರಿಯಾಯಿತಿ ಇಲ್ಲ, ದಾಖಲೆ ಉಳಿಯುತ್ತದೆ. ಘೋರವೆಂದರೆ ಕನಿಷ್ಠ ಏಳು ವರ್ಷಗಳ ಅಥವಾ ಅದಕ್ಕೂ ಮಿಕ್ಕಿದ ಸಜೆಯಿರುವ ಅಪರಾಧ. ತಂತಿ ಕದ್ದ ಹುಡುಗ ಆ ಸಾಲಿಗೆ ಬಾರನು.

ಮನೆಯವರು ಮಾಡಬೇಕಾದುದು

ಮೊದಲನೆಯದು ಭಾಷೆ. ವಿಚಾರಣೆಯ ಭಾಷೆ ಬಾಲಕನಿಗೆ ತಿಳಿಯದಿದ್ದರೆ ಮಂಡಳಿ ದುಭಾಷಿಯನ್ನು ಒದಗಿಸಬೇಕೆಂದು ಎಂಟನೆಯ ಕಲಮು ಹೇಳುತ್ತದೆ. ಜತ್ತದ ಕನ್ನಡ ಬಾಲಕನಿಗೆ ಮರಾಠಿಯಲ್ಲಿಯೂ, ಮಂಜೇಶ್ವರದ ಕನ್ನಡ ಬಾಲಕನಿಗೆ ಮಲಯಾಳದಲ್ಲಿಯೂ ತೊಡಕಾದರೆ ಇದನ್ನು ಕೇಳಿ ಪಡೆಯಬೇಕು. ಅದು ಉಪಕಾರವಲ್ಲ, ಹಕ್ಕು. ಅಧಿಕಾರಿಗಳಿಗೆ ಅಹವಾಲನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸಲು ಸಂವಿಧಾನದ 350ನೆಯ ವಿಧಿ ಅವಕಾಶವಿತ್ತಿದೆ.

ಎರಡನೆಯದು ವಯಸ್ಸು. ಈ ರಕ್ಷಣೆಯೆಲ್ಲ ನಿಂತಿರುವುದು ಜನ್ಮತಾರೀಖಿನ ಮೇಲೆ. ಶಾಲೆಯ ಪ್ರಮಾಣಪತ್ರವೇ ಮೊದಲ ಆಧಾರ. ಅದಿಲ್ಲದಿದ್ದರೆ ಪಂಚಾಯತು ಯಾ ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಕನ್ನಡ ಶಾಲೆಯ ದಾಖಲೆಯೂ ಶಾಲೆಯ ದಾಖಲೆಯೇ. ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ತೆರನಾಗಿದ್ದರೆ ಮುಂಚೆಯೇ ಸರಿಪಡಿಸಿಕೊಳ್ಳುವುದು ಲೇಸು.

ಮೂರನೆಯದು ವಕೀಲರು. ಮಕ್ಕಳಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ಕಾನೂನು ನೆರವು 1987ರ ಕಾಯಿದೆಯಿಂದ ಬಂದಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. 15100 ಸಂಖ್ಯೆಗೆ ಫೋನು ಮಾಡಬಹುದು.

ನಾಲ್ಕನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪ್ರಕರಣ ಮುಗಿದ ದಿನವೇ ಕೊನೆಯ ಆದೇಶದ ದೃಢೀಕೃತ ನಕಲು ಪಡೆದು, ಬಲ್ಲವರಿಂದ ಓದಿಸಿ, ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿಡಿ. ಸರಕಾರದ ಕಡತ ಸುಟ್ಟ ಮೇಲೆಯೂ ಯಾರಾದರೂ ಬೆರಳು ತೋರಿಸಿದರೆ ಬಾಯಿ ಮುಚ್ಚಿಸಲು ನಿಮ್ಮಲ್ಲಿರುವುದು ಅದೊಂದೇ. ಅವಧಿ ಕಳೆದ ಮೇಲೆ, ದಾಖಲೆ ನಾಶವಾಯಿತೇ ಎಂದು ಮಂಡಳಿಗೆ ಬರೆದು ಕೇಳಿ. ಕೆಲಸ ಮಂಡಳಿಯದೇ ಹೌದು. ಆದರೆ ಕೇಳುವವರಿಲ್ಲದ ಕಡತ ಧೂಳು ತಿನ್ನುತ್ತ ಹಾಗೇ ಬಿದ್ದಿರಬಹುದು. ನೌಕರಿಯ ಅರ್ಜಿಯಲ್ಲಿ 'ಮೊಕದ್ದಮೆ ಇತ್ತೇ' ಎಂಬ ಪ್ರಶ್ನೆ ಬಂದರೆ ಅಂದಾಜಿನಲ್ಲಿ ಉತ್ತರ ಬರೆಯದೆ, ಆ ಆದೇಶವನ್ನು ವಕೀಲರಿಗೆ ತೋರಿಸಿ ಬರೆಯಿರಿ.

ಊರಿನ ಕಡತ

ಪತ್ರಿಕೆಯವರಾದ ನಮಗೂ ಇಲ್ಲಿ ಕಟ್ಟುಂಟು. ಬಾಲಕನ ಹೆಸರು, ವಿಳಾಸ, ಶಾಲೆ, ಭಾವಚಿತ್ರ, ಗುರುತು ಹತ್ತುವ ಯಾವ ವಿವರವನ್ನೂ ಅಚ್ಚು ಹಾಕಕೂಡದು. ತಪ್ಪಿದರೆ ಆರು ತಿಂಗಳವರೆಗೆ ಸಜೆ, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೊಬೈಲಿನಲ್ಲಿ ಹುಡುಗನ ಫೋಟೋ ಹರಡುವವರೂ ಈ ಮಾತನ್ನು ನೆನಪಿನಲ್ಲಿಡಲಿ.

ಮಾಡಿದ್ದುಣ್ಣೋ ಮಹಾರಾಯ ಎಂಬುದು ನಮ್ಮ ಗಾದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದೂ ನಮ್ಮದೇ. ಮಕ್ಕಳ ವಿಷಯದಲ್ಲಿ ಕಾನೂನು ಹಿಡಿದುದು ಎರಡನೆಯದನ್ನು. ಸರಕಾರದ ದಾಖಲೆಗೆ ಏಳು ವರ್ಷಗಳ ಆಯುಷ್ಯ; ಊರ ಬಾಯಲ್ಲಿರುವ ದಾಖಲೆಗೆ ಯಾವ ಮಿತಿಯೂ ಇಲ್ಲ. ಎಲ್ಲರನ್ನೂ ಎಲ್ಲರೂ ಬಲ್ಲ ನಮ್ಮಂಥ ಸಣ್ಣ ಸಮಾಜದಲ್ಲಿ, ಹದಿನೈದರ ಹುಡುಗ ಮೂವತ್ತಾದಾಗಲೂ 'ತಂತಿ ಕದ್ದವ'ನಾಗಿಯೇ ಉಳಿದರೆ ಆ ಕಡತವನ್ನು ಇಟ್ಟುಕೊಂಡವರು ನಾವೇ. ಅದನ್ನು ನಾಶಪಡಿಸಲು ಯಾವ ಮಂಡಳಿಯ ಆದೇಶಕ್ಕೂ ಕಾಯಬೇಕಾಗಿಲ್ಲ.