ಅನಾಯಾಸ ಧನಾರ್ಜನೆ

ಶ್ರಮವಿಲ್ಲದೆ ಹಣವು ಕೈಸೇರಬೇಕೆಂಬ ಆಶೆಯು ಮನುಷ್ಯನಿಗೆ ಹೊಸದಲ್ಲ. ನಿಧಿಯ ಆಸೆಯಿಂದ ಹಾಳುಗುಡಿಗಳನ್ನು ಅಗೆದವರೂ, ತಾಮ್ರವನ್ನು ಚಿನ್ನ ಮಾಡಿಕೊಡುವೆನೆಂದ ಬೈರಾಗಿಯನ್ನು ನಂಬಿ ಮನೆಮಾರು ಕಳೆದುಕೊಂಡವರೂ ನಮ್ಮ ಹಿರಿಯರ ಕಥೆಗಳಲ್ಲಿ ಬೇಕಾದಷ್ಟು ಮಂದಿ ಇರುವರು. ಆದರೆ ಯಾರನ್ನೂ ವಂಚಿಸದೆ, ಮೈ ಬೆವರದೆ, ನಿಜವಾಗಿಯೂ ಧನಿಕರಾದವರು ಇಲ್ಲವೆ? ಇರುವರು. ಅಂಥ ಇಬ್ಬರ ವೃತ್ತಾಂತವನ್ನು ನಾವು ಇಲ್ಲಿ ವಾಚಕರ ಮುಂದಿಡುತ್ತೇವೆ.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಗ್ಯಾರಿ ಡಾಲ್ ಎಂಬ ಜಾಹೀರಾತು ಬರಹಗಾರನಿದ್ದನು. 1975ರಲ್ಲಿ ಒಂದು ದಿನ ಗೆಳೆಯರು ತಮ್ಮ ಸಾಕುಪ್ರಾಣಿಗಳ ಕಾಟವನ್ನು ಹೇಳಿಕೊಳ್ಳುತ್ತಿರಲು, ತಾನು ಸಾಕಿರುವುದು ಒಂದು ಕಲ್ಲನ್ನೆಂದೂ, ಅದರಿಂದ ಯಾವ ಉಪದ್ರವವೂ ಇಲ್ಲವೆಂದೂ ಈತನು ವಿನೋದವಾಗಿ ನುಡಿದನು. ವಿನೋದವೇ ವ್ಯಾಪಾರವಾಯಿತು. ಮೆಕ್ಸಿಕೋ ದೇಶದ ಕಡಲತೀರದ ನುಣುಪುಗಲ್ಲುಗಳನ್ನು ತರಿಸಿ, ಉಸಿರಾಟಕ್ಕೆಂದು ರಂಧ್ರಗಳನ್ನು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲಿನಂಥ ಮೆತ್ತೆಯ ಮೇಲಿರಿಸಿ, ಒಂದಕ್ಕೆ ಸುಮಾರು 4 ಡಾಲರಿನಂತೆ ಮಾರಿದನು. ಕೆಲವೇ ತಿಂಗಳುಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಕಲ್ಲುಗಳು ಮಾರಾಟವಾದುವು!

ಕೊಂಡವರೆಲ್ಲರೂ ಮೂಢರೆ? ಅಲ್ಲ. ಪೆಟ್ಟಿಗೆಯಲ್ಲಿ ಕಲ್ಲಿನೊಡನೆ, ಅದನ್ನು ಪಳಗಿಸುವ ಕ್ರಮವನ್ನು ಬಲು ಗಾಂಭೀರ್ಯದಿಂದ ಬೋಧಿಸುವ ಹಾಸ್ಯಪುಸ್ತಿಕೆಯೊಂದಿದ್ದಿತು. ಕುಳಿತಿರೆಂಬ ಆಜ್ಞೆಯನ್ನು ಕಲ್ಲು ಬೇಗನೆ ಕಲಿಯುತ್ತದೆಯಷ್ಟೆ! ಜನರು ಹಣ ಕೊಟ್ಟುದು ಆ ನಗೆಗೆ. ಹಾಗೆ ನಗಿಸುವ ಕೈ ಡಾಲನಿಗೆ ಬಂದುದು ತನ್ನ ವೃತ್ತಿಯ ಅಭ್ಯಾಸದಿಂದ. ಮುಂದಿನ ವರ್ಷದ ಆರಂಭದಲ್ಲಿಯೇ ಈ ಹುಚ್ಚು ಇಳಿಯಿತು. ಮರಳಿನ ಸಂತಾನವನ್ನು ಬೆಳೆಸುವ ಪೆಟ್ಟಿಗೆಯೆಂದು ಅವನೇ ಹೂಡಿದ ಮತ್ತೊಂದು ವಿನೋದಕ್ಕೆ ಅಷ್ಟು ಗಿರಾಕಿಗಳು ದೊರೆಯಲಿಲ್ಲ.

ಎರಡನೆಯವನು ಇಂಗ್ಲೆಂಡಿನ ಅಲೆಕ್ಸ್ ಟ್ಯೂ. 2005ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ವಿಶ್ವವಿದ್ಯಾಲಯದ ವೆಚ್ಚಕ್ಕಾಗಿ ಈತನು ಅಂತರಜಾಲದಲ್ಲಿ ಒಂದು ಪುಟವನ್ನು ತೆರೆದು, ಅದರ 10 ಲಕ್ಷ ಚುಕ್ಕೆಗಳನ್ನು ಚುಕ್ಕೆಗೊಂದು ಡಾಲರಿನಂತೆ ಜಾಹೀರಾತುದಾರರಿಗೆ ಮಾರಲು ತೊಡಗಿದನು. ಮೊದಲು ಕೊಂಡವರು ಬಂಧುಮಿತ್ರರು. ಪತ್ರಿಕೆಗಳಿಗೆ ಸುದ್ದಿಯನ್ನು ಕಳುಹಿಸಿದ ಮೇಲೆ ಲೋಕವು ಅತ್ತ ನೋಡಿತು. ಐದು ತಿಂಗಳೊಳಗಾಗಿ ಪುಟವು ತುಂಬಿ, 10,37,100 ಡಾಲರು ಕೂಡಿತು. ಅವನನ್ನು ಅನುಕರಿಸಿ ಅಂಥವೇ ಪುಟಗಳನ್ನು ತೆರೆದವರು ಅನೇಕರು; ಆ ಭಾಗ್ಯವು ಅವರಿಗೆ ಲಭಿಸಲಿಲ್ಲ. ಹೊಸತನವೇ ಸರಕಾಗಿದ್ದಲ್ಲಿ, ಎರಡನೆಯ ಅಂಗಡಿಯಲ್ಲಿ ಮಾರುವುದಕ್ಕೆ ಉಳಿಯುವುದೇನು?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ಇಂಥ ಸಂಪಾದನೆಯು ಅಧರ್ಮವೂ ಅಲ್ಲ, ಅಸಂಭವವೂ ಅಲ್ಲ, ಆದರೆ ಒಬ್ಬನು ನಡೆದೊಡನೆ ಮುಚ್ಚಿಹೋಗುವುದನ್ನು ದಾರಿಯೆಂದು ನಂಬಿ ಸಂಸಾರಸ್ಥನು ಹೆಜ್ಜೆಯಿಡಲಾಗದು. ಇನ್ನೊಂದು ಮಾತು. ಡಾಲನು ಕಲ್ಲನ್ನು ಕಲ್ಲೆಂದೇ ಮಾರಿದನು. ಟ್ಯೂ ಚುಕ್ಕೆಯನ್ನು ಚುಕ್ಕೆಯೆಂದೇ ಮಾರಿದನು. ಹಣವನ್ನು ಇಮ್ಮಡಿ ಮಾಡಿಕೊಡುವೆನೆಂದು ನಮ್ಮ ಮನೆಬಾಗಿಲಿಗೆ ಬರುವವನು ಮಾರುವುದೇನನ್ನು? ಅಷ್ಟು ಸುಲಭವಾದ ಉಪಾಯವನ್ನು ತಾನೇ ಇಟ್ಟುಕೊಳ್ಳದೆ ನಮಗೇಕೆ ತರುವನು? ಮಕ್ಕಳ ವಿದ್ಯೆಗೆಂದು ಕೂಡಿಟ್ಟ ಹಣವನ್ನಾಗಲಿ, ಹೆಂಡತಿಯ ಕೊರಳ ಸರವನ್ನಾಗಲಿ ಅವನ ಕೈಗೀಯುವ ಮೊದಲು ಈ ಎರಡು ಪ್ರಶ್ನೆಗಳನ್ನು ಕೇಳಿರಿ. ಮನಸ್ಸಿಗೆ ಒಪ್ಪುವ ಉತ್ತರವು ಬರುವವರೆಗೆ ಪೆಟ್ಟಿಗೆಯ ಬೀಗವನ್ನು ತೆಗೆಯಬೇಡಿರಿ.