ಸ್ಕೋಪಿನ ಗಾಜಿಗೆ ಯಾವ ಮುಚ್ಚಳ?

ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಹೆಣ್ಣು ಕೆಂಪು ಜಿಂಕೆಯ ಬೇಟೆಗೆ ಕಾನೂನು ಕೊಟ್ಟಿರೋ ಕಾಲ ಅಕ್ಟೋಬರ್ 21ರಿಂದ ಫೆಬ್ರವರಿ 15. ಅಂದ್ರೆ ಮಳೆ, ಹಿಮ, ಮಂಜು. ಬೇಟೆಗಾರ ಒದ್ದೆ ಹುಲ್ಲಲ್ಲಿ ತೆವಳ್ಕೊಂಡು ಹೋಗ್ತಾನೆ. ರೈಫಲ್ ಸ್ಕೋಪಿನ ಗಾಜಿನ ಮೇಲೆ ನೀರು ಕೂತ್ರೆ ಗುರಿ ಮಸುಕು. ಮಸುಕಲ್ಲಿ ಹಾರಿಸಿದ ಗುಂಡಿಗೆ ಜಿಂಕೆ ಸಾಯದೆ ನರಳಬಹುದು. ಹಾಗಾಗಿ ಗಾಜನ್ನ ಕಾಯೋ ಪುಟ್ಟ ಮುಚ್ಚಳವನ್ನ ಹಗುರವಾಗಿ ತಗೋಬೇಡಿ.

ಮುಚ್ಚಳ ಕೊಳ್ಳುವಾಗ ಎಡವೋದು ಅಳತೆಯಲ್ಲೇ. ಸ್ಕೋಪ್ ಮೇಲೆ 3-9×50 ಅಂತಿದ್ರೆ, ಆ 50 ಮಿಲಿಮೀಟರ್ ಮುಂದಿನ ಗಾಜಿನ ವ್ಯಾಸ. ಮುಚ್ಚಳ ಕೂರೋದು ಹೊರಗಿನ ಲೋಹದ ಅಂಚಿನ ಮೇಲೆ. ಅದು ಇನ್ನೂ ದೊಡ್ಡದು, ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ಆ ಅಂಚನ್ನ ಅಳೆಯೋಕೆ ಕ್ಯಾಲಿಪರ್ ಇಲ್ವಾ? ಕಾಗದದ ಪಟ್ಟಿ ಸುತ್ತಿ, ಸುತ್ತಳತೆಯನ್ನ 3.14ರಿಂದ ಭಾಗಿಸಿ. ಕಣ್ಣಿಡೋ ಕಡೆಯದನ್ನ ಬೇರೆಯಾಗೇ ಅಳೀರಿ.

ನನ್ನ ಆಯ್ಕೆ ಸ್ಪ್ರಿಂಗ್ ಮುಚ್ಚಳ. ಬೆರಳಲ್ಲಿ ಒತ್ತಿದ್ರೆ ತೆರ್ಕೊಳ್ಳುತ್ತೆ. ಆದ್ರೆ ಹಿಂದಿನ ಮುಚ್ಚಳ ತೆರೆದಾಗ ಬೋಲ್ಟ್ ಹಿಡಿಗೆ ತಾಗುತ್ತಾ ನೋಡಿ. ಕೆಲವು ಸ್ಕೋಪ್‌ಗಳಲ್ಲಿ ಜೂಮ್ ತಿರುಗಿಸಿದ್ರೆ ಹಿಂದಿನ ಭಾಗ ಪೂರ್ತಿ ತಿರುಗುತ್ತೆ, ಜೊತೆಗೆ ಮುಚ್ಚಳವೂ. ಸ್ಕೋಪ್ ನಳಿಕೆಗೆ ತೀರಾ ಹತ್ತಿರ ಕೂತಿದ್ರೆ ಮುಂದಿನ ಮುಚ್ಚಳಕ್ಕೆ ಜಾಗವೇ ಇರಲ್ಲ.

ರಬ್ಬರ್ ಪಟ್ಟಿಯ ಜೋಡಿ ಮುಚ್ಚಳ ಅಗ್ಗ, ಹಗುರ, ಕಳೆದುಹೋಗೋದೂ ಸುಲಭ. ನಿಯೋಪ್ರೀನ್ ಚೀಲ ಗಾಡಿಯಲ್ಲಿ ಸಾಗಿಸೋಕೆ ಚೆನ್ನ. ಆದ್ರೆ ಒದ್ದೆ ಸ್ಕೋಪಿಗೆ ಹಾಕಿಟ್ರೆ ತೇವ ಅಲ್ಲೇ ಉಳಿಯುತ್ತೆ, ಮನೆಗೆ ಬಂದ ತಕ್ಷಣ ಬಿಚ್ಚಿ ಒಣಗಿಸಿ.

ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಇದ್ರೂ, ಅದರ ಮೂಲಕ ನೋಡಿ ಗುಂಡು ಹಾರಿಸ್ಬೇಡಿ. ಮುಸ್ಸಂಜೆ ಬೆಳಕಲ್ಲಿ ಚಿತ್ರ ಮಂಕಾಗುತ್ತೆ.