ಉಳುಕಿದ ಕಾಲಿಗೆ ಮೊದಲ ಉಪಚಾರ

ಮೆಟ್ಟಿಲಿಳಿಯುವಾಗ ಪಾದವು ಒಳಮುಖವಾಗಿ ಹೊರಳಿ, ಹರಡಿನ ಹೊರಬದಿಯ ಅಸ್ಥಿರಜ್ಜುಗಳು ಶಕ್ತಿಮೀರಿ ಸೆಳೆಯಲ್ಪಟ್ಟು, ಸೂಕ್ಷ್ಮ ರಕ್ತನಾಳಗಳು ಒಡೆದು, ಉಬ್ಬಿದ ಗೆಣ್ಣೇ ಕಾಣದಂತೆ ಬಾವು ಏರುವ ಆ ಸ್ಥಿತಿಯೇ ಉಳುಕು.

ಆಗ ಮನೆಯ ಹಿರಿಯರು ವಾತ್ಸಲ್ಯದಿಂದಲೇ ಬಿಸಿ ಎಣ್ಣೆ ತಂದು ಬಲವಾಗಿ ನೀವತೊಡಗುವುದುಂಟು. ಆದರೆ ಮೊದಲ ಎರಡು ಮೂರು ದಿನಗಳಲ್ಲಿ ಶಾಖವೂ ಮರ್ದನವೂ ರಕ್ತಸ್ರಾವವನ್ನೂ ಬಾವನ್ನೂ ಹೆಚ್ಚಿಸಬಲ್ಲವಾದುದರಿಂದ, ದಯಮಾಡಿ ಆ ಕೈಗಳನ್ನು ತಡೆಯಿರಿ. ಕಾಲ್ಬೆರಳ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜನ್ನು, ಬೆರಳು ಜೋಮು ಹಿಡಿಯದಷ್ಟು ಹದವಾಗಿ ಸುತ್ತಿ, ಮಲಗಿದಾಗ ಪಾದವನ್ನು ದಿಂಬುಗಳ ಮೇಲೆ ಎದೆಗಿಂತ ಎತ್ತರದಲ್ಲಿರಿಸಿರಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಟ್ಟರೆ ನೋವು ಶಮನವಾಗುವುದು ನಿಜ. ಆದರೂ 1978ರಲ್ಲಿ ವಿಶ್ರಾಂತಿ, ಐಸು, ಬಿಗಿಪಟ್ಟಿ, ಎತ್ತರ ಎಂಬ ಸೂತ್ರವನ್ನು ಪ್ರಚುರಪಡಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ನಿಧಾನಗೊಳಿಸಬಹುದೆಂದು ಅನಂತರ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಇದು ವಿಜ್ಞಾನಕ್ಕೆ ಭೂಷಣವೆಂದೇ ನಾನು ಭಾವಿಸುತ್ತೇನೆ.

ಮೂಳೆ ಮುರಿದಿರಬಹುದೇ ಎಂಬ ಶಂಕೆಗೆ, ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮವು ಇಂದಿಗೂ ಮಾರ್ಗದರ್ಶಕ: ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗೆಣ್ಣಿನ ಮೂಳೆಯ ಹಿಂಬದಿಯ ಅಂಚನ್ನು ಒತ್ತಿದಾಗ ನೋವಾದರೆ, ಎಕ್ಸ್‌-ರೇ ಅವಶ್ಯಕ. ಕಾಲು ಸೊಟ್ಟಗಾಗಿದ್ದರೆ, ಪಾದ ತಣ್ಣಗಾಗಿ ಮರಗಟ್ಟಿದ್ದರೆ, ತಡಮಾಡದೆ ಆಸ್ಪತ್ರೆಗೆ ತೆರಳಿರಿ.

ಮೂಳೆ ಸುರಕ್ಷಿತವೆಂದಾದ ಮೇಲೆ ವಾರಗಟ್ಟಲೆ ಹಾಸಿಗೆ ಹಿಡಿಯಬೇಡಿರಿ. ನೋವು ಸಹಿಸುವಷ್ಟು ನಡೆಯಿರಿ. ಬಾವು ಇಳಿದ ಬಳಿಕ, ಗೋಡೆಯ ಆಸರೆಯಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವ ಅಭ್ಯಾಸವನ್ನು ನಿತ್ಯವೂ ಮಾಡಿರಿ. ಅದೇ ಕಾಲು ಮತ್ತೆ ಉಳುಕುವ ಸಂಭವ ಅದರಿಂದ ತಗ್ಗುತ್ತದೆ.